ಗೆರೆಯಾಚೆ ಒಂದು ನೂಲು

ಮಾರ್ಚ್ 3, ಸೋಮವಾರ

ಇವರನ್ನು ಇವತ್ತು ಆಸ್ಪತ್ರೆಯಿಂದ ಮನೆಗೆ ತಂದೆವು. ತಂದೆವು ಅಂದರೆ ನಾನು, ಆಂಬುಲೆನ್ಸಿನ ಡ್ರೈವರು, ಮತ್ತು ಮೆಟ್ಟಿಲ ಹತ್ತಿರ ಕೈಕಟ್ಟಿ ನಿಂತಿದ್ದ ಕೆಳಮನೆಯವನು. ಅವನನ್ನು ಕರೆದು ಒಂದು ಕಾಲು ಹಿಡಿಸಿದವಳು ನಾನೇ. ನೋಡುತ್ತ ನಿಂತವರಿಗೆ ಕೆಲಸ ಹಚ್ಚುವುದು ಅಂಗಡಿ ನನಗೆ ಕಲಿಸಿದ ವಿದ್ಯೆ.

ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಬಲಗೈ, ಬಲಗಾಲು ಸೋತಿವೆ. ಕಾಲು ಹೇಗೋ ಕೋಲಿನ ಹಿಂದೆ ಎಳೆದುಕೊಂಡು ಬರುತ್ತದೆ. ಪೂರ್ತಿ ಹೋಗಿರುವುದು ಮಾತು. ಅರ್ಥವೆಲ್ಲ ಆಗುತ್ತದೆ, ಜೋಕಿಗೆ ನಗುತ್ತಾರೆ, ನಾನು ಉತ್ಪ್ರೇಕ್ಷೆ ಮಾಡಿದರೆ ಹುಬ್ಬೇರಿಸುತ್ತಾರೆ. ಬಾಯಿ ತೆರೆದರೆ ಮಾತ್ರ ಒಂದೇ ಮಾತು: “ಅದೇ.” ನೀರು ಬೇಕಾದರೂ ಅದೇ, ಕಿಟಕಿ ಮುಚ್ಚಬೇಕಾದರೂ ಅದೇ, ದೊಡ್ಡ ಡಾಕ್ಟರಿಗೆ ಹೇಳಿದ ನಮಸ್ಕಾರವೂ ಅದೇ. ಎಡಗೈಗೆ ಪೆನ್ನು ಕೊಟ್ಟು ನೋಡಿದೆವು. ಅಕ್ಷರಗಳೂ ಮಾತಿನ ಹಾಗೆಯೇ ಕಲಸಿಹೋಗಿವೆ.

ನಮ್ಮ ಸಂಸಾರದಲ್ಲಿ ಮಾತು ನನ್ನ ಪಾಲಿಗೆ, ಮೌನ ಅವರ ಪಾಲಿಗೆ ಅಂತ ಮದುವೆಯಾದ ವಾರದಲ್ಲೇ ಹಂಚಿಕೆಯಾಗಿತ್ತು. ನಕ್ಷೆ ಬರೆಯುವ ಕಚೇರಿಯಲ್ಲಿ ಗೆರೆ ಎಳೆದೆಳೆದು ನಿವೃತ್ತರಾದ ಮನುಷ್ಯ. ನಾನೋ ಟೈಲರು. ಗಿರಾಕಿ ಬಾಯಿ ಬಿಡುವ ಮೊದಲೇ ಅವಳಿಗೆ ಏನು ಬೇಕೆಂದು ನಾನೇ ಹೇಳಿಬಿಡುತ್ತೇನೆ, ಅಂಗಡಿ ಬೆಳೆದದ್ದೇ ಅದರಿಂದ. ಹಾಗಾಗಿ ಇವರ ಮಾತು ಹೋದದ್ದು ಮನೆಗೆ ಅಂಥ ನಷ್ಟವೇನಲ್ಲ ಅಂತ ನರ್ಸಮ್ಮನ ಹತ್ತಿರ ತಮಾಷೆ ಮಾಡಿದೆ. ಅವಳು ನಗಲಿಲ್ಲ. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಜೋರಾಗಿ ತಿರುಗಿಸಿಕೊಂಡು ಅತ್ತೆ.

ಮನೆಗೆ ಬಂದವರು ಮಂಚದ ಕಡೆ ತಿರುಗಿಯೂ ನೋಡಲಿಲ್ಲ. ಕೋಲು ಕುಟ್ಟುತ್ತ ನೇರ ಹಿಂದಿನ ಕೋಣೆಗೆ. ಕಿಟಕಿಯ ಕೆಳಗೆ ಅವರ ಮೇಜು, ಮೇಜಿನ ಮೇಲೆ ಅವರ ನೌಕಾಪಡೆ. ಹಿಂದಿನ ಕಾಲದ ಹಾಯಿ ಯುದ್ಧನೌಕೆಗಳು, ಒಂದೊಂದೂ ಅಂಗೈಯಷ್ಟು ಉದ್ದ. ಪೆಟ್ಟಿಗೆಯಲ್ಲಿ ಸಿಗುವ ರೆಡಿಮೇಡ್ ಆಟಿಕೆಯಲ್ಲ, ಎಲ್ಲ ಮರದ ಚೂರು, ಗುಂಡುಸೂಜಿ, ದಾರದಿಂದ ಕೈಯಾರೆ ಕಟ್ಟಿದ್ದು. ಆರು ಮುಗಿದಿವೆ. ಏಳನೆಯದರ ನಕ್ಷೆ ಮಾತ್ರ ಇದೆ. ಅದನ್ನು ಕತ್ತರಿಸಲು ಚಾಕು ಹಿಡಿದಾಗಲೇ ಇವರು ಬಿದ್ದದ್ದು.

ಬಿದ್ದ ಚಾಕು ಇನ್ನೂ ಮೇಜಿನ ಕೆಳಗೇ ಇತ್ತು. ನಾನು ಎತ್ತಿಟ್ಟೆ.

ಮಾರ್ಚ್ 6, ಗುರುವಾರ

ಮಾತು ಕಲಿಸುವ ಮೇಡಂ ಇವತ್ತು ಮನೆಗೆ ಬಂದರು. ಮಗಳ ವಯಸ್ಸು, ಧ್ವನಿ ಹೆಡ್‌ಮಿಸ್ಟ್ರೆಸ್ಸಿನದು. ಚಿತ್ರಗಳ ಕಾರ್ಡು ಹಿಡಿದು “ಸರ್, ಇದೇನು?” ಅಂದರು.

“ಛತ್ರಿ,” ಅಂದೆ.

“ನಿಮ್ಮನ್ನ ಕೇಳ್ಲಿಲ್ಲ ಅಮ್ಮ.”

ಇನ್ನೊಂದು ಕಾರ್ಡು. ಇವರ ತುಟಿ ಅದುರಿತು, ಕೊರಳ ನರ ಉಬ್ಬಿತು. ನೋಡಲಾರದೆ “ಕು…” ಅಂತ ಎತ್ತಿಕೊಟ್ಟೆ. ಕುರ್ಚಿ ಅಂತ ಕಣ್ಣಿಗೆ ಹೊಡೆಯುತ್ತಿದೆಯಲ್ಲ.

ಮೇಡಂ ಕಾರ್ಡುಗಳನ್ನು ಮುಚ್ಚಿಟ್ಟರು. “ಅಮ್ಮ, ಅವರಿಗೆ ಮಾತು ಹೋಗಿಲ್ಲ, ಬರೋ ದಾರಿ ಕುಸಿದಿದೆ. ಬೇರೆ ದಾರಿ ಮಾಡ್ಕೊಳ್ಳೋಕೆ ಈ ಮೊದಲ ತಿಂಗಳುಗಳೇ ಒಳ್ಳೇ ಕಾಲ. ಪ್ರತಿ ಸಲ ನೀವೇ ಹೇಳಿಬಿಟ್ರೆ ಅವರು ಹೊರಡೋದೇ ಇಲ್ಲ. ಕಾಯ್ಬೇಕು.”

“ಎಷ್ಟು ಹೊತ್ತು?”

“ಅವರು ಹೇಳೋವರೆಗೂ.”

ಹೇಳುವುದು ಸುಲಭ. ಮನೆಯವರು ಗಂಟಲಲ್ಲಿ ಕಲ್ಲು ಸಿಕ್ಕಿಸಿಕೊಂಡ ಹಾಗೆ ಒದ್ದಾಡುವಾಗ ಎದುರು ಬೊಂಬೆ ಹಾಗೆ ಕೂತಿರಲು ನಾನೇನು ಅಂಗಡಿಯ ಶೋಕೇಸಿನವಳೇ? ಮೇಡಂ ಹೋದ ಮೇಲೆ ಇದನ್ನೇ ಇವರಿಗೆ ಹೇಳಿದೆ. ಬಹಳ ಹೊತ್ತು ಹೇಳಿದೆ. “ಅದೇ,” ಅಂದರು.

ಮಾರ್ಚ್ 9, ಭಾನುವಾರ

ಹಲ್ಲು ಡಾಕ್ಟರು ಬಂದಿದ್ದರು. ಪುಟ್ಟ ಹಡಗುಗಳನ್ನಿಟ್ಟು ಯುದ್ಧದಾಟ ಆಡುವ ಇವರ ಕ್ಲಬ್ಬಿನ ಜೊತೆಗಾರ, ಆಟದ ಮೇಜಿನ ಮೇಲೆ ಇವರ ಶತ್ರು. ಹಲ್ಲು ಕೊರೆಯುವ ಹಳೆಯ ಸೂಜಿಗಳನ್ನೆಲ್ಲ ಹಡಗಿಗೆ ತೂತು ಹಾಕಲು ತಂದುಕೊಡುವ ಪುಣ್ಯಾತ್ಮ.

ಬಂದ ಕೆಲಸ ಹೇಳಲು ಪಾಪ ತಡವರಿಸಿದರು. ಏಪ್ರಿಲ್ ಕೊನೆಯ ಭಾನುವಾರ ದೊಡ್ಡ ಕದನ. ಏಳಕ್ಕೆ ಏಳು. ಎರಡು ವರ್ಷದಿಂದ ಇಬ್ಬರೂ ಅದಕ್ಕೇ ಹಡಗು ಕಟ್ಟುತ್ತಿದ್ದದ್ದು. “ಏಳನೇದು ಆಗಿಲ್ಲ ಅಲ್ವಾ ಅಕ್ಕಾ… ಅದಕ್ಕೇ, ಗುರುಗಳ ಜಾಗಕ್ಕೆ ಈ ಸಲ ಬೇರೆಯವರನ್ನ…”

ನಾನು ಇವರ ಮುಖ ನೋಡಿದೆ. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದಾಗಲೂ ಆ ಮುಖ ಹಾಗಾಗಿರಲಿಲ್ಲ.

“ಬೇರೆಯವರು ಯಾಕೆ? ಏಳನೇದು ಬರುತ್ತೆ,” ಅಂದುಬಿಟ್ಟೆ.

“ಯಾರು ಕಟ್ತಾರೆ?”

“ಕೋಟಿಗೆ ಕಾಲರ್ ಕೂರಿಸೋಳಿಗೆ ಹಡಗಿಗೆ ಹಾಯಿ ಕೂರಿಸೋದು ಕಷ್ಟವಾ? ನಾನು ಕಟ್ತೀನಿ.”

“ಅದು ಸರಿ. ಆದ್ರೆ ಆಜ್ಞೆ?” ನಿಯಮ ಹೀಗಂತೆ: ಪ್ರತಿ ಸರದಿಗೂ ದಳಪತಿ ತನ್ನ ಹಡಗು ಎತ್ತ ತಿರುಗಬೇಕೆಂದು ಬಾಯಿಬಿಟ್ಟು ಕೂಗಬೇಕು, ಮರಳುಗಡಿಯಾರ ಖಾಲಿಯಾಗುವ ಮೊದಲು. ಕೂಗದಿದ್ದರೆ ಹಡಗು ನೆಟ್ಟಗೆ ಹೋಗುತ್ತದೆ, ಎದುರಿಗೆ ಬಂಡೆಯಿದ್ದರೂ ಸರಿ, ತೋಪಿದ್ದರೂ ಸರಿ. ತೀರ್ಪು ರೈಲ್ವೆಯ ಮಾಜಿ ಗಾರ್ಡ್ ಸಾಹೇಬರದು. ರೈಲನ್ನೇ ಕಾಯಿಸದವರು ಮನುಷ್ಯರನ್ನು ಕಾಯುತ್ತಾರೆಯೇ?

“ನಾನು ಕೂಗ್ತೀನಿ. ಅವರ ಮನಸ್ಸಲ್ಲಿ ಏನಿದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

“ಇಲ್ಲಕ್ಕಾ. ದಳಪತಿಯೇ ಕೂಗ್ಬೇಕು.”

“ಕೂಗ್ತಾರೆ ಬಿಡಿ,” ಅಂದೆ. ಇವರು ನನ್ನನ್ನೇ ನೋಡುತ್ತಿದ್ದರು. “ಅದೇ ಅದೇ ಅದೇ,” ಅಂದರು. ಸಂತೋಷಕ್ಕೇ ಇರಬೇಕು.

ಅಲಂಕಾರದ ಬಟ್ಟಲಿಗೆ ಅಂತ ಆರು ಹಡಗನ್ನೂ ಡಾಕ್ಟರು ಹತ್ತಿಯಲ್ಲಿ ಸುತ್ತಿ ಕ್ಲಬ್ಬಿಗೆ ಒಯ್ದರು. ಬಟ್ಟಲು ಅಂದರೆ ಹಡಗು ಕೂರುವ ಅಲೆಯಲೆಯ ನೀಲಿ ಪೀಠ, ಎಲ್ಲಕ್ಕೂ ಒಂದೇ ಅಳತೆಯದು. ಮೇಜು ಬರಿದಾಯಿತು. ಇನ್ನು ನಕ್ಷೆ, ನಾನು ಮತ್ತು ನನ್ನ ಬಾಯಿ.

ಮಾರ್ಚ್ 14, ಶುಕ್ರವಾರ

ಶುರು ಮಾಡಿದೆ. ಎಪ್ಪತ್ನಾಲ್ಕು ತೋಪಿನ ಹಡಗಂತೆ. ಒಡಲಿಗೆ ಹಗುರ ಮರದ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ ಕೆತ್ತಬೇಕು, ಮೇಲೆ ಅಟ್ಟ, ಪಕ್ಕಕ್ಕೆ ತೆಳು ರಟ್ಟಿನ ಗೋಡೆ. ನಕ್ಷೆಯನ್ನು ಹಲಗೆಯ ಮೇಲಿಟ್ಟು ಗುರುತಿನ ಚಕ್ರ ಓಡಿಸಿದೆ, ಥೇಟ್ ಕೋಟಿನ ಮಾದರಿ ಇಳಿಸಿಕೊಂಡ ಹಾಗೆ. ಕೆಲಸ ಯಾವುದಾದರೇನು, ಕೈ ಒಂದೇ.

ನನಗೆ ಕೆಲಸ ಕಲಿಸಿದ ಮಾಸ್ತರು ಹೇಳುತ್ತಿದ್ದರು: ಇಂಚಿಗೆ ಎಂಟು ನೂಲು, ಆ ಒಂದೊಂದು ನೂಲಿಗೂ ಒಬ್ಬ ದೇವರು. ಬಟ್ಟೆಗಾದರೆ ಗೆರೆಯ ಆಚೆ ನಾಲ್ಕು ನೂಲು ಬಿಡುತ್ತೇನೆ. ಇದು ಗುಬ್ಬಿಮರಿಯ ಅಂಗಿಯಷ್ಟು ಚಿಕ್ಕದು, ಒಂದೇ ನೂಲು ಬಿಟ್ಟು ಕತ್ತರಿಸಿದೆ. ಎಲ್ಲ ಭಾಗಕ್ಕೂ ಹಾಗೇ, ಅಚ್ಚುಕಟ್ಟಾಗಿ. ಒಂದರ ಮೇಲೊಂದು ಇಟ್ಟರೆ ಕೂದಲೆಳೆ ವ್ಯತ್ಯಾಸವಿಲ್ಲ.

ಇವರು ಪಕ್ಕದಲ್ಲಿ ಕೂತಿದ್ದರು. ಒಡಲಿನ ಹಲಗೆಯೊಂದನ್ನು ತೆಗೆದುಕೊಂಡು ನಕ್ಷೆಯ ಮೇಲಿಟ್ಟರು. ಎಷ್ಟು ಚೆನ್ನಾಗಿ ಕೂತಿತೆಂದರೆ ಗೆರೆ ಒಂದೂ ಹೊರಗೆ ಕಾಣಲಿಲ್ಲ. “ನೋಡಿದ್ರಾ?” ಅಂದೆ. ಇವರು ಎಡಗೈಯ ಹೆಬ್ಬೆರಳು ತೋರುಬೆರಳನ್ನು ಹತ್ತಿರ ಹತ್ತಿರ ತಂದು, ಮಧ್ಯೆ ಚೂರೇ ಚೂರು ಸಂದು ಬಿಟ್ಟು ನನ್ನ ಮುಖದ ಮುಂದೆ ಹಿಡಿದರು. “ಅದೇ. ಅದೇ!”

“ಹೂಂ ಗೊತ್ತು, ಇನ್ನು ಸ್ವಲ್ಪ ಕೆಲ್ಸ ಇದೆ. ಆತುರ ಪಡ್ಬೇಡಿ,” ಅಂದೆ.

ಮಾರ್ಚ್ 20, ಗುರುವಾರ

ಕೆಟ್ಟ ದಿನ. ಮೇಡಂ ತೋರಿಸಿದ ಕಾರ್ಡಿಗೆಲ್ಲ ಇವರು ಗೋಡೆ ನೋಡುತ್ತ ಕೂತರು. ಊಟದ ಹೊತ್ತಿಗೆ ಮತ್ತೆ ಆ ಎರಡು ಬೆರಳು. “ಉಪ್ಪಾ?” ಹಾಕಿದೆ. ಅಲ್ಲ. “ನೀರಾ, ಸ್ವಲ್ಪ?” ಕೊಟ್ಟೆ. ಅಲ್ಲ. “ನೋವಾ? ಎಲ್ಲಿ, ಎದೆಯಲ್ಲಾ?” ಡಾಕ್ಟರಿಗೆ ಫೋನ್ ಮಾಡಲು ಎದ್ದೆ. ಇವರು ತಟ್ಟೆ ಎತ್ತಿ ಗೋಡೆಗೆ ಎಸೆದರು.

ಜೀವಮಾನದಲ್ಲಿ ಒಂದು ಬಾಗಿಲನ್ನೂ ಜೋರಾಗಿ ಹಾಕಿದವರಲ್ಲ.

ಎಸೆದ ರಭಸಕ್ಕೆ ಬಾಯಲ್ಲಿದ್ದ ತುತ್ತು ಅಡ್ಡ ಹೋಯಿತು. ಕೆಮ್ಮು ಬರಲಿಲ್ಲ, ಅದೇ ಭಯ. ಮುಖ ನೀಲಿಗಟ್ಟಿತು. ಬೆನ್ನಿಗೆ ಗುದ್ದಿದೆ, ಬಗ್ಗಿಸಿ ಗುದ್ದಿದೆ. ಹೊರಗೆ ಬಿತ್ತು. ಇಬ್ಬರೂ ನೆಲದ ಮೇಲೆ ಕೂತಿದ್ದೆವು, ಅನ್ನದ ನಡುವೆ.

ಮಗಳು ಫೋನ್ ಮಾಡಿದಳು. ಬೇರೆ ಊರಲ್ಲಿ ಕೈಕೂಸು ಕಟ್ಟಿಕೊಂಡು ಕೂತಿದ್ದಾಳೆ, ಬರಲಾಗದು. “ಅಪ್ಪ ಏನಂತಾರೆ?” ಅಂದಳು.

“ಚೆನ್ನಾಗಿದೀನಿ, ಕೂಸನ್ನ ಜೋಪಾನ ನೋಡ್ಕೋ ಅಂತಾರೆ,” ಅಂದೆ. ಪಕ್ಕದಲ್ಲಿ ಇವರು ಕಣ್ಣು ಮುಚ್ಚಿಕೊಂಡರು.

ಮಾರ್ಚ್ 28, ಶುಕ್ರವಾರ

ಬಾಗಿಲಿಗೆ ಒಳಗಿನಿಂದ ಬೀಗ ಹಾಕಿ ಬಂದು ಬರೆಯುತ್ತಿದ್ದೇನೆ.

ಮಧ್ಯಾಹ್ನ ಅಂಗಡಿಯಿಂದ ಬಂದರೆ ಮನೆಯ ಬಾಗಿಲು ತೆರೆದಿತ್ತು. ಕೋಲಿಲ್ಲ, ಚಪ್ಪಲಿಯಿಲ್ಲ, ಇವರಿಲ್ಲ. ಹೆಸರು ಹೇಳಲಾರದ, ವಿಳಾಸ ಹೇಳಲಾರದ ಮನುಷ್ಯ ಬೀದಿಯಲ್ಲಿ! ಒಬ್ಬೊಬ್ಬರನ್ನೂ ನಿಲ್ಲಿಸಿ ಕೇಳಿದೆ. ಎಂದೂ ಇಲ್ಲದ್ದು, ನನಗೇ ಮಾತು ಸರಿಯಾಗಿ ಹೊರಡಲಿಲ್ಲ. “ನಮ್ಮವರು… ಕೋಲು… ಹೀಗೆ ಕಾಲು ಎಳ್ಕೊಂಡು…”

ಸಿಕ್ಕಿದ್ದು ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ. ಕೌಂಟರಿನ ಮೇಲೆ ಎಡ ಅಂಗೈ ಊರಿ ಹಿಂದಕ್ಕೆ ಮುಂದಕ್ಕೆ ಉಜ್ಜುತ್ತಿದ್ದರು, ನಡುನಡುವೆ ಆ ಎರಡು ಬೆರಳು, “ಅದೇ! ಅದೇ!” ಸುತ್ತ ನಾಲ್ಕು ಜನ ನಗುತ್ತಿದ್ದರು.

“ನಿಮ್ಮವರಾಮ್ಮಾ? ಹಾಡಹಗಲೇ ಏರಿಸ್ಕೊಂಡು ಬಂದಿದಾರೆ,” ಅಂದ ಅಂಗಡಿಯವನು.

“ಏರಿಸ್ಕೊಂಡಿರೋದು ನಿನ್ನ ಕೊಬ್ಬು,” ಅಂತ ಶುರು ಮಾಡಿದೆ. ನಾನು ನಿಲ್ಲಿಸುವಷ್ಟರಲ್ಲಿ ಆ ನಾಲ್ಕು ಜನ ಯಾವ ಸಂದಿಯಲ್ಲಿ ಕರಗಿಹೋದರೋ ಗೊತ್ತಿಲ್ಲ. ಆಮೇಲೆ ಅವನೇ ಸ್ಟೂಲು ಹಾಕಿ ನೀರು ಕೊಟ್ಟ.

ಇವರು ಬಂದದ್ದು ಅಂಟಿಗೆ ಅಂತ ನನಗೆ ಹೊಳೆಯಿತು. ಅಂಟು ಸವರುವ ಹಾಗೇ ಅಲ್ಲವೇ ಅಂಗೈ ಆಡಿಸಿದ್ದು, ಸ್ವಲ್ಪವೇ ಸಾಕು ಅಂತಲ್ಲವೇ ಬೆರಳು ತೋರಿಸಿದ್ದು. ಒಂದು ಡಬ್ಬಿ ಕೊಂಡು ಕೈಗಿತ್ತೆ. ಬೀದಿಯ ಮೂಲೆಯಲ್ಲಿ ಅದನ್ನು ಚರಂಡಿಗೆ ಬಿಸಾಕಿದರು. ಮನೆಯವರೆಗೂ ನನ್ನ ಕೈ ಹಿಡಿಯಲಿಲ್ಲ.

ಏಪ್ರಿಲ್ 2, ಬುಧವಾರ

ಇವರು ಹಿಂದಿನ ಕೋಣೆಗೆ ಬರುವುದನ್ನೇ ಬಿಟ್ಟಿದ್ದಾರೆ. ಮಂಚ, ಗೋಡೆ. “ಅದೇ” ಕೂಡ ಇಲ್ಲ.

ಮೇಡಂ ಬಾಗಿಲ ಹತ್ತಿರ ಹೇಳಿದರು: “ಅಮ್ಮ, ಮುಚ್ಚಿಟ್ಟು ಹೇಳಲ್ಲ. ಅವರು ಪ್ರಯತ್ನ ಬಿಟ್ಟಿದಾರೆ. ನನಗೆ ಭಯ ಆಗ್ತಿರೋದು ಕಾಯಿಲೆಯಿಂದಲ್ಲ, ಇದರಿಂದ.”

ಹಡಗಿನ ಒಡಲು ಮುಗಿಯಿತು. ಇವರಿಗೆ ತೋರಿಸಲಿಲ್ಲ.

ಏಪ್ರಿಲ್ 9, ಬುಧವಾರ

ಕರಿ ಬಣ್ಣ ಹೊಡೆದು, ಒಣಗಿದ ಮೇಲೆ ಪಕ್ಕಕ್ಕೆ ಎರಡು ಕಾವಿ ಪಟ್ಟಿ ಎಳೆದೆ, ಪಟ್ಟಿಯ ಮೇಲೆ ಸಾಲಾಗಿ ತೋಪಿನ ಕಂಡಿಗಳು. ಮೊದಲ ಸಲ ಎಳೆದದ್ದು ಮಕ್ಕಳು ಗೋಡೆ ಮೇಲೆ ಗೀಚಿದ ಹಾಗಿತ್ತು. ಅಳಿಸಿದೆ. ಉಸಿರು ಬಿಗಿಹಿಡಿದು ಎಳೆದರೆ ಮಾತ್ರ ಗೆರೆ ನೆಟ್ಟಗೆ. ಒಂದು ಮಾತಾಡಿದೆನೋ, ಕುಂಚ ಕುಣಿಯಿತು.

ಮಾತಾಡಲು ಅಲ್ಲಿ ಯಾರಿದ್ದರು ಅನ್ನಿ. ಆದರೂ ನಾನು ಆಡುತ್ತಿರುತ್ತೇನಂತೆ, ಇವರ ಹಳೆಯ ದೂರು, ಕಣ್ಣಲ್ಲೇ ಹೇಳುತ್ತಿದ್ದದ್ದು.

ಈಗ ಹಾಯಿಗಂಬಗಳು. ಮೂರು ಕಂಬ, ಅಡ್ಡಕ್ಕೆ ತೊಲೆಗಳು, ಕಂಬದಿಂದ ಒಡಲಿಗೆ ಇಳಿಯುವ ಹಗ್ಗದ ಏಣಿಗಳು. ಹಗ್ಗ ಅಂದರೆ ನನ್ನದೇ ರೇಷ್ಮೆ ನೂಲು, ಮೇಣ ತಿಕ್ಕಿದ್ದು. ಎರಡು ಕೈಯಲ್ಲಿ ಗಂಟು, ಮೂರನೇ ತುದಿ ಹಲ್ಲಿನಲ್ಲಿ, ತುಟಿಯಂಚಿನಲ್ಲಿ ನಾಲ್ಕು ಗುಂಡುಸೂಜಿ. ಬಾಯಿಗೆ ಇದಕ್ಕಿಂತ ಒಳ್ಳೆಯ ಬೀಗವಿಲ್ಲ.

ಸಂಜೆ ಹಿಂದೆ ಕೋಲಿನ ಸದ್ದು. ಬಾಗಿಲಲ್ಲಿ ನಿಂತಿದ್ದರು. ‘ಬನ್ನಿ’ ಅನ್ನಲಾಗಲಿಲ್ಲ, ಬಾಯಿ ತುಂಬ ಸೂಜಿ. ಅವರೇ ಬಂದು ಕೂತರು. ಕತ್ತಲಾಗುವವರೆಗೂ ಕೂತಿದ್ದರು.

ಏಪ್ರಿಲ್ 16, ಬುಧವಾರ

ಏಣಿಗಳು ಮುಗಿದವು. ದಿನವೂ ಬಂದು ಕೂರುತ್ತಾರೆ. ಎಡಗೈಯಲ್ಲಿ ಒಡಲನ್ನು ಅಲುಗದಂತೆ ಹಿಡಿದುಕೊಡುತ್ತಾರೆ. ಇವತ್ತು ಒಂದು ಸಲ “ಹ್ಞಾ” ಅಂದರು, ನಾನು ತಪ್ಪು ರಂಧ್ರಕ್ಕೆ ನೂಲು ಹಾಕಲು ಹೋದಾಗ.

ಮೇಡಂಗೆ ಹೇಳಿದೆ. “ನೀವೇನಂದ್ರಿ?” ಅಂದರು. ಏನೂ ಅನ್ನಲಿಲ್ಲ, ಕೆಲಸವಿತ್ತು.

ಏಪ್ರಿಲ್ 20, ಭಾನುವಾರ

ಇದನ್ನು ನಿಧಾನವಾಗಿ ಬರೆಯಬೇಕು.

ಹಲ್ಲು ಡಾಕ್ಟರು ಹತ್ತು ಗಂಟೆಗೆ ಬಂದರು, ಏಳನೇ ಬಟ್ಟಲು ತಂದಿದ್ದರು, ಜೊತೆಗೆ ನಮ್ಮ ಆರರಲ್ಲಿ ಒಂದು ಹಡಗು, ಬಣ್ಣ ತಾಳೆ ನೋಡಲು. ನಾನು ಮುಂದಿನ ಕಂಬದ ಕೊನೆಯ ಗಂಟಿನಲ್ಲಿದ್ದೆ. ಹಲ್ಲಲ್ಲಿ ನೂಲು, ತುಟಿಯಲ್ಲಿ ಸೂಜಿ. ಕಣ್ಣಲ್ಲೇ ಕೂರಿ ಅಂದೆ.

ಅವರು ಹಡಗಿನ ಕೆಳಗೆ ಬಟ್ಟಲು ಸರಿಸಿದರು. ಹಡಗು ಅದರಲ್ಲಿ ಕೂರಲಿಲ್ಲ. ಸುತ್ತಲೂ ಅಂಚು ಮೀರಿ ಆಚೆ ಚಾಚಿತ್ತು. ಜೊತೆಗೆ ತಂದಿದ್ದ ಅಕ್ಕ-ಹಡಗಿನ ಪಕ್ಕದಲ್ಲಿ ಇಟ್ಟರು. ಡಾಕ್ಟರು ಒಂದು ಗಳಿಗೆ ಕಣ್ಣು ಮಿಟುಕಿಸಿ, ಹೋ ಅಂತ ನಕ್ಕುಬಿಟ್ಟರು. “ಅಕ್ಕಾ! ಇದೇನಕ್ಕಾ, ತುಂಬು ಬಸುರಿ!”

ಆರೂ ಹಡಗು ಸಪೂರ ಹುಡುಗಿಯರು. ಇದು ಸೊಂಟಕ್ಕೆ ಕೈಯಿಟ್ಟು ನಿಂತ ಹೆಂಗಸು. ವಾರ ಉಳಿದಿದೆ, ಇದು ಕೂರುವುದಿಲ್ಲ, ಇದು ಕೂರದಿದ್ದರೆ ಇವರ ಜಾಗ ಹೋಯಿತು. ಹೇಳಲು ನನ್ನಲ್ಲಿ ಎಷ್ಟು ಕಾರಣಗಳಿದ್ದವು! ಮರ ಉಬ್ಬಿರಬೇಕು, ಅಂಟು ದಪ್ಪ, ನಿಮ್ಮ ಬಟ್ಟಲೇ ಕುಗ್ಗಿದೆ. ಆದರೆ ಗಂಟು ಅರ್ಧದಲ್ಲಿತ್ತು. “ಊಂ,” ಅಂದೆ, ಅಷ್ಟೇ.

ಇವರು ಎರಡೂ ಹಡಗನ್ನು ನೋಡಿದರು. ನನ್ನನ್ನು ನೋಡಿದರು. ತುಟಿ ಮುಂದಕ್ಕೆ ಬಂತು.

ಡಾಕ್ಟರು ಏನೋ ಹೇಳಲು ಹೊರಟರು. ನಾನು ಕೈ ಎತ್ತಿ ತಡೆದೆ. ಮೇಜು ಅಲುಗಿದರೆ ಗಂಟು ಸಡಿಲವಾದೀತು ಅಂತ ಇರಬೇಕು.

ತುಟಿ ಹಾಗೇ ನಿಂತಿತ್ತು. ಕೊರಳ ನರ ಉಬ್ಬಿತು. ಕಿಟಕಿಯ ಹೊರಗೆ ಯಾರದೋ ಗಾಡಿ ಸ್ಟಾರ್ಟ್ ಆಗದೆ ಕೆಮ್ಮುತ್ತಿತ್ತು. ಅದು ಕೊನೆಗೂ ಸ್ಟಾರ್ಟಾಗಿ ಬೀದಿ ದಾಟಿ ಹೋಯಿತು.

“ನೂ…” ಅಂದರು. “ನೂ… ಲು.”

ನೂಲು! ಹಲ್ಲಲ್ಲಿದ್ದ ದಾರ ಬಿಡಿಸಿ ಇವರ ಕೈಗೆ ಕೊಟ್ಟೆ. ತಲೆ ಅಲ್ಲಾಡಿಸಿದರು. ದಾರ ಕೆಳಗಿಟ್ಟರು. ಹೆಬ್ಬೆರಳು, ತೋರುಬೆರಳು, ಮಧ್ಯೆ ಚೂರೇ ಚೂರು ಸಂದು. ಅದನ್ನು ಹಡಗಿನ ಅಂಚಿಗೆ ಹಿಡಿದರು.

“ಒಂದು,” ಅಂದರು. ಕಾದೆ. “ಒಂದು ನೂಲು.”

ಆಮೇಲೆ ನಗಲು ಶುರು ಮಾಡಿದರು. ಕಣ್ಣಲ್ಲಿ ನೀರು, ಭುಜ ಕುಣಿಯುತ್ತಿದೆ, ಬೆರಳು ಮಾತ್ರ ಅಂಚಿನ ಮೇಲೆ.

ಗೆರೆಯ ಆಚೆ ಒಂದು ನೂಲು. ಹೊಲಿಗೆಗೆ ಅಂತ. ಮರಕ್ಕೆ ಯಾವ ಹೊಲಿಗೆ? ಮೂವತ್ತು ವರ್ಷ ಊಟದ ಹೊತ್ತಿಗೆ ನಾನು ಅಂಗಡಿಯ ಮಾತಾಡಿದ್ದನ್ನೆಲ್ಲ ಇವರು ಕೇಳಿಸಿಕೊಂಡಿದ್ದರು ಅಂತಾಯಿತು. ಮೊದಲ ದಿನವೇ ಕಂಡಿತ್ತು ಅವರಿಗೆ. ಉಪ್ಪಲ್ಲ, ನೀರಲ್ಲ, ನೋವಲ್ಲ. ಕಬ್ಬಿಣದಂಗಡಿಯ ಕೌಂಟರಿನ ಮೇಲೆ ಉಜ್ಜಿ ತೋರಿಸಿದ್ದು ಅಂಟೂ ಅಲ್ಲ, ಮರ ಸವೆಸುವ ಉಜ್ಜುಕಾಗದ.

ಡಾಕ್ಟರು ಮೂಗು ಸೀಟುತ್ತಿದ್ದರು. ನಾನು ಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದೆ.

ಏಪ್ರಿಲ್ 21, ಸೋಮವಾರ

ಮೇಡಂ ಕುಣಿದಾಡುವುದೊಂದು ಬಾಕಿ. ನಾನು ಹೇಳಿದೆ, ನಿಮ್ಮ ಕಾರ್ಡುಗಳು ಕೊನೆಗೂ ಕೆಲಸ ಮಾಡಿದವು ಅಂತ. ಅವರು ಒಂಥರಾ ನೋಡಿದರು.

ಬೆಳಿಗ್ಗೆಯೇ ಹೋಗಿ ಉಜ್ಜುಕಾಗದ ತಂದೆ. ಏಣಿಗಳನ್ನು ಬಿಚ್ಚಿ, ಒಡಲು ಸವೆಸಿ, ಮತ್ತೆ ಕಟ್ಟಿದರೆ ಹೇಗೋ ಆದೀತು. ಬಿಚ್ಚಲು ಕತ್ತರಿ ಎತ್ತಿದೆ.

“ಬೇಡ,” ಅಂದರು.

ಸ್ಪಷ್ಟವಾಗಿ. ಯಾಕೆ ಅಂದೆ. ಹೇಳಲಿಲ್ಲ. ಆಗಲಿಲ್ಲವೋ, ಮನಸ್ಸಿರಲಿಲ್ಲವೋ. ಕತ್ತರಿ ಕೆಳಗಿಟ್ಟೆ.

ಸಂಜೆ ಗಾರ್ಡ್ ಸಾಹೇಬರು ಫೋನಿನಲ್ಲಿ ತೀರ್ಪು ಕೊಟ್ಟರು: ದೊಡ್ಡ ಬಟ್ಟಲಿಗೆ ಅನುಮತಿಯಿದೆ, ಆದರೆ ಹೊಟ್ಟೆ ದೊಡ್ಡದಾದ ಹಡಗು ಪ್ರತಿ ಸರದಿಗೂ ಒಂದು ಅಳತೆ ನಿಧಾನ. ಆಜ್ಞೆ ಕೂಗುವ ನಿಯಮದಲ್ಲಿ ಮಾತ್ರ ರಿಯಾಯಿತಿಯಿಲ್ಲ. “ಕನಿಕರ ಬೇರೆ, ಮರಳು ಬೇರೆ ಕಣಮ್ಮಾ.”

ಏಪ್ರಿಲ್ 27, ಭಾನುವಾರ

ಕ್ಲಬ್ಬಿನ ಹಾಲ್. ಎರಡು ಮೇಜು ಜೋಡಿಸಿ ಮೇಲೆ ನೀಲಿ ಬಟ್ಟೆ, ಹೊಲಿಗೆ ಸುಕ್ಕು, ಬಿಡಿ. ಎದುರಿಗೆ ಡಾಕ್ಟರ ಏಳು. ಈ ಕಡೆ ನಮ್ಮ ಆರು, ಕೊನೆಯಲ್ಲಿ ನನ್ನ ಹೆಂಗಸು. ಆರಕ್ಕೆ ಇನ್ನೊಬ್ಬ ಸದಸ್ಯರು ಆಜ್ಞೆ ಕೂಗುವುದು, ಏಳನೆಯದು ಇವರದು ಅಂತ ಒಪ್ಪಂದ. ಜನ ಸುತ್ತ ನಿಂತಿದ್ದರು. ನಾನು ಇವರ ಎಡಕ್ಕೆ ಸ್ಟೂಲಿನ ಮೇಲೆ.

ಗಾರ್ಡ್ ಸಾಹೇಬರು ಸೀಟಿ ಊದಿ ಮರಳುಗಡಿಯಾರ ತಿರುಗಿಸಿದರು.

ಮೊದಲ ಸರದಿ. ಇವರ ತುಟಿ ಮುಂದಕ್ಕೆ ಬಂತು, ನಿಂತಿತು. ಮರಳು ಸುರಿಯುತ್ತಿತ್ತು. ನನಗೆ ಆಟ ಬಾರದಿದ್ದರೂ ಕಣ್ಣಿದೆ: ಎಡಗಡೆ ಬಯಲು, ತೋಪಿನ ಕಾಟವಿಲ್ಲ, ಕುರುಡನಿಗೂ ಕಾಣುವ ದಾರಿ. ಎಡಕ್ಕೆ! ಇವರ ಮುಖದಲ್ಲೂ ಅದೇ ಬರೆದಿತ್ತು. ಡಾಕ್ಟರು ನನ್ನನ್ನು ನೋಡಿದರು, ಹೇಳಿಬಿಡಿ ಅನ್ನುವ ಹಾಗೆ. ಗಾರ್ಡ್ ಸಾಹೇಬರೂ ಚಾವಣಿ ನೋಡಿದರು, ಕೇಳಿಸಿಕೊಳ್ಳದಿರಲು ಸಿದ್ಧವಾದವರ ಹಾಗೆ.

ಮರಳು ಮುಗಿಯಿತು. ಹಡಗು ನೆಟ್ಟಗೆ ಹೋಯಿತು. ಡಾಕ್ಟರ ಎರಡು ಹಡಗು ಬೆಂಕಿ ಕಾರಿದವು. ದಾಳ ಉರುಳಿತು. ನಾನು ಕಟ್ಟಿದ ಮುಂದಿನ ಕಂಬಕ್ಕೆ ಹತ್ತಿಯ ಹೊಗೆ ಸಿಕ್ಕಿಸಿದರು. ಕಂಬ ಮುರಿಯಿತು ಅಂತ ಲೆಕ್ಕ.

ಎರಡನೇ ಸರದಿ. ಕಾಲು ಭಾಗ ಮರಳು. ಅರ್ಧ. ಇವರ ಹಣೆಯ ಬೆವರು ಮೂಗಿನ ತುದಿಗೆ ಬಂದು ನೇತಾಡುತ್ತಿತ್ತು, ಒರೆಸಲೂ ಇಲ್ಲ ನಾನು. ಸುತ್ತಲಿದ್ದವರು ಒಬ್ಬೊಬ್ಬರಾಗಿ ಬೇರೆಲ್ಲೋ ನೋಡಲು ತೊಡಗಿದರು. ಮುಕ್ಕಾಲು. ಬಾಯಲ್ಲಿ ಸೂಜಿಯಿರಲಿಲ್ಲ, ನೂಲಿರಲಿಲ್ಲ. ನಾಲಿಗೆಯನ್ನು ಹಲ್ಲಿನ ನಡುವೆ ಇಟ್ಟುಕೊಂಡು ಕೂತಿದ್ದೆ ಅಂತ ಮನೆಗೆ ಬಂದ ಮೇಲೆ ಗೊತ್ತಾಯಿತು, ಬಿಸಿ ಕಾಫಿ ಕುಡಿದಾಗ ಉರಿಯಿತು.

“ಬ…” ಅಂದರು.

ಬ?

“ಬಲ. ಬಲಕ್ಕೆ!”

ಒಂದು ಚಿಟಿಕೆ ಮರಳು ಉಳಿದಿತ್ತು.

ಬಲಕ್ಕೆ ಡಾಕ್ಟರ ಹಡಗುಗಳ ಸಾಲು. ಇದೇನು ಹುಚ್ಚು ಅಂದುಕೊಂಡೆ. ಡಾಕ್ಟರು ಮಾತ್ರ ತಲೆಯ ಮೇಲೆ ಕೈ ಹೊತ್ತರು. ತಮ್ಮ ತೋಪನ್ನೆಲ್ಲ ಅವರು ಆ ಎಡಗಡೆಯ ಬಯಲಿಗೇ ಗುರಿಯಿಟ್ಟು ಕೂತಿದ್ದರಂತೆ, ಇವರು ಅಲ್ಲಿಗೇ ಬರುತ್ತಾರೆಂದು. ನನ್ನ ದಪ್ಪ ಹೆಂಗಸು ನಿಧಾನವಾಗಿ, ಬೇರೆಲ್ಲ ಹಡಗುಗಳಿಗಿಂತ ಒಂದು ಅಳತೆ ಹಿಂದೆ, ಅವರ ಸಾಲಿನ ಬಾಲಕ್ಕೆ, ಅವರ ತೋಪು ತಿರುಗಲಾರದ ಕಡೆಗೆ, ಬಂದು ಅಡ್ಡ ನಿಂತಿತು.

ಕದನ ಸೋತೆವು. ನಾಲ್ಕು ಹಡಗು ಮುಳುಗಿದವು. ಅವಳು ಮುಳುಗಲಿಲ್ಲ.

ನಾನಾಗಿದ್ದರೆ ಎಡಕ್ಕೆ ಅಂತಿದ್ದೆ.

ಏಪ್ರಿಲ್ 28, ಸೋಮವಾರ

ಇವರು ಎಡಗೈಯಲ್ಲಿ ಎಂಟನೆಯದರ ನಕ್ಷೆ ಎಳೆಯುತ್ತಿದ್ದಾರೆ. ಗೆರೆ ಸೊಟ್ಟ. ನಾನು ಮುರಿದ ಕಂಬದ ಹಗ್ಗ ಬಿಗಿಯುತ್ತಿದ್ದೆ, ನಿಜವಾಗಿ ಮುರಿದಿರಲಿಲ್ಲ, ಸಡಿಲವಾಗಿತ್ತು ಅಷ್ಟೇ.

ಮಗಳ ಫೋನು. “ಅಪ್ಪ ಏನಂತಾರೆ?”

ಬಾಯಲ್ಲಿ ಸೂಜಿ. ಫೋನನ್ನು ಇವರ ಕೈಗೆ ಕೊಟ್ಟೆ, ಸ್ಪೀಕರ್ ಒತ್ತಿ.

“ಅಪ್ಪಾ? ಹಲೋ? ಅಮ್ಮಾ, ಲೈನ್ ಕಟ್ಟಾಯ್ತಾ?” ಆಮೇಲೆ ಅವಳಿಗೂ ಏನೋ ಹೊಳೆದಿರಬೇಕು, ಸುಮ್ಮನಾದಳು. ಕೂಸಿನ ಕುಂಯ್ ಸದ್ದು ಮಾತ್ರ ಕೇಳುತ್ತಿತ್ತು.

“ಚೆನ್… ಚೆನ್ನಾಗಿ,” ಅಂದರು ಇವರು.

ಸಾವರಿಸಿಕೊಂಡು ಕೇಳಿದಳು, “ಅಮ್ಮ ಹೇಗಿದಾಳಪ್ಪಾ?”

ಇವರು ನನ್ನ ಕಡೆ ನೋಡಿದರು. ಹುಡುಕಿದರು. ನಾನು ಒಂದು ಗಂಟು ಮುಗಿಸಿ ಇನ್ನೊಂದನ್ನು ಶುರು ಮಾಡಿದೆ.

“ಸುಮ್…” ಅಂದರು. “ಸುಮ್ನಿದಾಳೆ.”

“ಏನು? ಸುಮ್ನಿದಾಳಾ? ಅಮ್ಮನಾ?” ಆ ಕಡೆಯಿಂದ ಗಾಬರಿ. “ಅಪ್ಪಾ, ಅಮ್ಮನಿಗೆ ಏನಾಯ್ತು? ಡಾಕ್ಟರ್‌ಗೆ ತೋರಿಸಿದ್ರಾ? ಅಮ್ಮಾ! ಅಮ್ಮಾ, ಏನಾದ್ರೂ ಹೇಳೇ!”

ಇವರಿಗೆ ನಗು ತಡೆಯಲಾಗಲಿಲ್ಲ. ನನಗೆ ನಗುವ ಹಾಗಿರಲಿಲ್ಲ, ಸೂಜಿಗಳು ಬಿದ್ದುಹೋಗುತ್ತವೆ.